ಬೇಸಿಗೆ ರಜೆಗೆ ಬೂಟು ತೊಡಿಸಿದವರು

ಮಾರ್ಚ್ ಮುಗಿಯುತ್ತ ಬಂದಂತೆ ವಿಜಯಪುರ, ಬಾಗಲಕೋಟೆ, ಕಲಬುರಗಿ, ಬೀದರ ಕಡೆಯ ಸರ್ಕಲ್ಲುಗಳಲ್ಲಿ ಒಂದೇ ಅಚ್ಚಿನ ಫ್ಲೆಕ್ಸುಗಳು ಏಳುತ್ತವೆ. ಮೇಲ್ಗಡೆ ಹಾರುವ ಯುದ್ಧವಿಮಾನ, ನಡುವೆ ಸೆಲ್ಯೂಟ್ ಹೊಡೆದು ನಿಂತ ಪುಟ್ಟ ಹುಡುಗ, ಸುತ್ತಲೂ ಕಳೆದ ವರ್ಷ ‘ಆಯ್ಕೆಯಾದ’ ಮಕ್ಕಳ ಅಂಚೆಚೀಟಿ ಗಾತ್ರದ ಮುಖಗಳು. ಕೆಳಗೆ ದಪ್ಪಕ್ಷರದಲ್ಲಿ: ಸೈನಿಕ, ನವೋದಯ, ಕಿತ್ತೂರು, ಆರ್‌ಎಂಎಸ್, ಮೊರಾರ್ಜಿ – ಬೇಸಿಗೆ ವಿಶೇಷ ವಸತಿ ಶಿಬಿರ, ಪ್ರವೇಶ ಸೀಮಿತ. ನಾಲ್ಕನೇ ಇಯತ್ತೆ ಮುಗಿಸಿ ಐದಕ್ಕೆ ಹೋಗಬೇಕಾದ ಮಗುವಿಗೆ ಈ ಕರೆ. ಏಪ್ರಿಲ್‌ನಿಂದ ಮೇ ಕೊನೆಯವರೆಗೆ ಶಿಬಿರ. ಅಲ್ಲಿಂದ ಮುಂದೆ ‘ರೆಗ್ಯುಲರ್ ಬ್ಯಾಚ್’, ಪರೀಕ್ಷೆ ಬರುವ ತನಕ.

ಈ ವ್ಯಾಪಾರದ ಬೆನ್ನಿಗೆ ಊರೂರಲ್ಲೂ ಬೇರೂರಿದ ಒಂದು ನಂಬಿಕೆ ಇದೆ. ಸೈನಿಕ ಶಾಲೆಯ ಸೀಟು ಸಿಕ್ಕರೆ ಮಗುವಿನ ಬದುಕು ದಡ ಸೇರಿತು. ಆ ಸೀಟು ಕೋಚಿಂಗ್ ಇಲ್ಲದೆ ಸಿಗುವುದಿಲ್ಲ. ಅಕಸ್ಮಾತ್ ಸಿಗದಿದ್ದರೂ ನಷ್ಟವೇನಿಲ್ಲ, ಶಿಸ್ತಂತೂ ಬರುತ್ತದೆ. ರೈತರು, ಗುಮಾಸ್ತರು, ಪೊಲೀಸ್ ಪೇದೆಗಳು, ಕಡೆಗೆ ಸರ್ಕಾರಿ ಶಾಲೆಯ ಮೇಷ್ಟ್ರುಗಳೂ ಇದನ್ನು ಒಪ್ಪಿಕೊಂಡುಬಿಟ್ಟಿದ್ದಾರೆ. ಒಪ್ಪದ ತಂದೆ-ತಾಯಿಯನ್ನು ನೆಂಟರು ಮದುವೆ ಮನೆಯಲ್ಲಿ ಕೇಳುವ ರೀತಿಯೇ ಬೇರೆ: ‘ಇನ್ನೂ ಹಾಕಿಲ್ಲೇನ್ರಿ?’

ಈ ನಂಬಿಕೆಯ ಒಂದೊಂದು ತುಂಡೂ ತಪ್ಪು ಎನ್ನುವುದು ನನ್ನ ವಾದ. ಸೈನಿಕ ಶಾಲೆಗಳ ಮೇಲೆ ನನಗೆ ಯಾವ ತಕರಾರೂ ಇಲ್ಲ. 1963ರಲ್ಲಿ ಶುರುವಾದ ವಿಜಯಪುರದ ಶಾಲೆಯಾಗಲಿ, 2007ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಶುರುವಾದ ಶಾಲೆಯಾಗಲಿ ನಾಡಿಗೆ ಒಳ್ಳೆಯ ಅಧಿಕಾರಿಗಳನ್ನು ಕೊಟ್ಟಿವೆ. ತಕರಾರು ಇರುವುದು ಆ ಶಾಲೆಯ ಗೇಟಿನ ಹೊರಗೆ ಬೆಳೆದಿರುವ ಸಂತೆಯ ಬಗ್ಗೆ.

ಮೊದಲು ಪರೀಕ್ಷೆಯನ್ನೇ ನೋಡೋಣ. ಮಗುವಿನ ಎರಡು ತಿಂಗಳ ರಜೆ, ಆಮೇಲೆ ಇಡೀ ಐದನೇ ಇಯತ್ತೆಯನ್ನು ಒತ್ತೆ ಇಡುವ ಎಷ್ಟು ಪಾಲಕರು ಆ ಪ್ರಶ್ನೆಪತ್ರಿಕೆಯನ್ನು ಕಣ್ಣಿಂದ ನೋಡಿರುತ್ತಾರೆ? ಅಖಿಲ ಭಾರತ ಸೈನಿಕ ಶಾಲೆಗಳ ಪ್ರವೇಶ ಪರೀಕ್ಷೆಯನ್ನು 2021ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುತ್ತಿದೆ. ಆರನೇ ತರಗತಿಗೆ 125 ಪ್ರಶ್ನೆ, 300 ಅಂಕ, 150 ನಿಮಿಷ. ಗಣಿತದ 50 ಪ್ರಶ್ನೆಗೆ ತಲಾ ಮೂರರಂತೆ 150 ಅಂಕ. ಭಾಷೆ, ಬುದ್ಧಿಶಕ್ತಿ, ಸಾಮಾನ್ಯ ಜ್ಞಾನಕ್ಕೆ ತಲಾ 25 ಪ್ರಶ್ನೆ, 50 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಂದರ್ಶನ ಇಲ್ಲ, ಓಟ ಇಲ್ಲ, ಹಗ್ಗ ಹತ್ತುವುದಿಲ್ಲ, ಪೆರೇಡ್ ಇಲ್ಲ. ಬರೆದು ಪಾಸಾದರೆ ಅರ್ಹತಾ ಪಟ್ಟಿ, ಪಟ್ಟಿಯಲ್ಲಿ ಬಂದರೆ ವೈದ್ಯಕೀಯ ತಪಾಸಣೆ, ಅಲ್ಲಿಗೆ ಮುಗಿಯಿತು.

ಹಾಗಾದರೆ ಶಿಬಿರದಲ್ಲಿ ಬೆಳಿಗ್ಗೆ ಐದಕ್ಕೆ ಸೀಟಿ ಊದಿ ಎಬ್ಬಿಸುವುದು ಯಾವ ಪ್ರಶ್ನೆಗೆ ಉತ್ತರ? ಆ ಹಸಿರು ಮಚ್ಚೆಯ ಡ್ರೆಸ್ಸು, ಆ ಬೂಟು, ‘ಜೈ ಹಿಂದ್ ಸರ್’ ಎಂಬ ಒಕ್ಕೊರಲು ಎಷ್ಟು ಅಂಕಕ್ಕೆ? ಒಂದು ಅಂಕಕ್ಕೂ ಅಲ್ಲ. ಅವೆಲ್ಲ ಗೇಟಿನ ಹೊರಗೆ ನಿಂತು ನೋಡುವ ಅಪ್ಪ-ಅಮ್ಮನಿಗೆ ತೋರಿಸಲು. ದುಡ್ಡು ಕೊಡುವವರು ಅವರೇ ತಾನೆ.

ಇನ್ನೊಂದು ಸಂಗತಿ. ಆರನೇ ತರಗತಿಯ ಈ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಇಂಗ್ಲಿಷ್, ಹಿಂದಿ ಜತೆಗೆ ಕನ್ನಡವೂ ಸೇರಿ ಹದಿಮೂರು ಭಾಷೆಗಳಲ್ಲಿ ಪತ್ರಿಕೆ ಸಿಗುತ್ತದೆ. (ಒಂಬತ್ತನೇ ತರಗತಿಯ ಪ್ರವೇಶ ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲೇ.) ಅಂದರೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದ ಮಗು ತನ್ನ ನುಡಿಯಲ್ಲೇ ಲೆಕ್ಕ ಬಿಡಿಸಿ ಒಳಗೆ ಹೋಗಲು ಬಾಗಿಲು ತೆರೆದೇ ಇದೆ. ಈ ಮಾತನ್ನು ಯಾವ ಫ್ಲೆಕ್ಸಿನಲ್ಲಾದರೂ ದಪ್ಪಕ್ಷರದಲ್ಲಿ ನೋಡಿದ್ದೀರಾ? ‘ಇಂಗ್ಲಿಷ್ ಮೀಡಿಯಂ ಬೇಸಿಕ್ಸ್’ ಎಂದು ಮೊದಲ ತಿಂಗಳ ಫೀ ವಸೂಲಿ ಮಾಡುವವರಿಗೆ ಅದು ಬೇಕಾದ ಸುದ್ದಿಯಲ್ಲ.

ಹಾಗೆಂದು ಪರೀಕ್ಷೆ ಮಾಡುವವರೂ ಸಾಚಾಗಳೇನಲ್ಲ. ಪಠ್ಯಸೂಚಿಯನ್ನು ತೆರೆದು ನೋಡಿದರೆ ಶೇಕಡಾವಾರು, ಲಾಭ-ನಷ್ಟ, ಸರಳ ಬಡ್ಡಿ, ಘನಾಕೃತಿಗಳ ಗಾತ್ರ, ಪೂರಕ ಕೋನಗಳು ಸಿಗುತ್ತವೆ. ನಮ್ಮ ರಾಜ್ಯದ ಶಾಲೆಗಳಲ್ಲಿ ಇವುಗಳಲ್ಲಿ ಹಲವು ಹಿರಿಯ ಪ್ರಾಥಮಿಕದ ಸರಕು. ಐದನೇ ಇಯತ್ತೆಯ ಮಗುವಿಗೆ ಐದನೇ ಇಯತ್ತೆಯ ಪುಸ್ತಕ ಸಾಲದಂತೆ ಪತ್ರಿಕೆ ತೆಗೆದರೆ, ಆ ಕೊರತೆಯ ಜಾಗದಲ್ಲಿ ಯಾರೋ ಒಬ್ಬರು ಅಂಗಡಿ ಹಾಕಿಯೇ ಹಾಕುತ್ತಾರೆ. ಕೋಚಿಂಗ್ ದಂಧೆಯ ಮೊದಲ ಪಾಲುದಾರ ಈ ಪಠ್ಯಸೂಚಿ. ಇಷ್ಟನ್ನು ಒಪ್ಪಿಕೊಳ್ಳುತ್ತೇನೆ.

ಆದರೆ ಆ ಕೊರತೆ ಎಷ್ಟು ದೊಡ್ಡದು? ಭಿನ್ನರಾಶಿ, ಲಸಾಅ-ಮಸಾಅ, ಸರಾಸರಿ ಗಟ್ಟಿಯಾಗಿ ಬರುವ ಮಗುವಿಗೆ ಸರಳ ಬಡ್ಡಿ ಕಲಿಸಲು ಎಷ್ಟು ದಿನ ಬೇಕು ಎಂದು ಯಾವುದೇ ಗಣಿತದ ಮೇಷ್ಟ್ರನ್ನು ಕೇಳಿ. ಸಂಜೆ ಒಂದು ತಾಸಿನಂತೆ ಕೆಲವು ವಾರ ಎನ್ನುತ್ತಾರೆ. ಅದಕ್ಕೆ ಮನೆ ಬಿಡಿಸಬೇಕಿಲ್ಲ, ಟ್ರಂಕು ಕಟ್ಟಬೇಕಿಲ್ಲ, ಊರ ಶಾಲೆಯಲ್ಲಿ ಹೆಸರಷ್ಟೇ ಉಳಿಸಿ ಮಗುವನ್ನು ಬೇರೆ ಊರಿನ ಹಾಸ್ಟೆಲ್‌ನಲ್ಲಿ ಕೂರಿಸಬೇಕಿಲ್ಲ. ಭಿನ್ನರಾಶಿಯೇ ಬಾರದ ಮಗುವಿಗೆ ಬೇಕಾದದ್ದು ಇನ್ನೂ ಬೇರೆ. ತಾಳ್ಮೆಯ ಒಬ್ಬ ಶಿಕ್ಷಕ ಸಾಕು, ಮತ್ತೆ ಸಮಯ. ಶಿಬಿರದಲ್ಲಿ ಸಿಗದ ವಸ್ತುಗಳೂ ಇವೇ.

ಪರಿಚಿತರೊಬ್ಬರ ಮಗನನ್ನು ನೋಡಲು ಅಂಥ ಒಂದು ಶಿಬಿರಕ್ಕೆ ಹೋಗಿದ್ದೆ. ಊರ ಹೊರಗಿನ ಕಲ್ಯಾಣ ಮಂಟಪ. ಮದುವೆ ಸೀಸನ್ ನಡುವೆಯೂ ತಿಂಗಳ ಬಾಡಿಗೆಗೆ ಹಿಡಿದಿದ್ದರು. ಅಕ್ಷತೆ ಬೀಳುವ ವೇದಿಕೆಯ ಮೇಲೆ ಕರಿಹಲಗೆ, ಊಟದ ಹಾಲಿನಲ್ಲಿ ಸಾಲಾಗಿ ಹಾಸಿಗೆ, ಗೋಡೆಗುಂಟ ಬಣ್ಣದಲ್ಲಿ ಹೆಸರು ಬರೆದ ಟ್ರಂಕುಗಳು. ಒಳಗೆ ಹೋದಾಗ ಮಕ್ಕಳಿಗೆ ಓಎಂಆರ್ ಅಭ್ಯಾಸ ನಡೆದಿತ್ತು. ಪ್ರಶ್ನೆಪತ್ರಿಕೆ ಇರಲಿಲ್ಲ. ಬರೀ ಜೆರಾಕ್ಸ್ ಮಾಡಿದ ಉತ್ತರದ ಹಾಳೆ. ‘ಸರ್’ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ‘ಬಿ, ಡಿ, ಎ, ಎ, ಸಿ’ ಎಂದು ಕೂಗುತ್ತಿದ್ದರು, ಮಕ್ಕಳು ಬಾಲ್‌ಪೆನ್ನಿನಿಂದ ಗೋಲ ತುಂಬುತ್ತಿದ್ದರು. ಗೆರೆ ದಾಟಿದರೆ ಬೆರಳಿಗೆ ಸ್ಕೇಲಿನ ಏಟು. ಬಹುತೇಕ ಮಕ್ಕಳ ತೋರುಬೆರಳು, ಹೆಬ್ಬೆರಳು ನೀಲಿಯಾಗಿದ್ದವು.

ಬಿಡುವಿನಲ್ಲಿ ನಮ್ಮ ಹುಡುಗನನ್ನು ಹೊರಗೆ ಕರೆದುಕೊಂಡು ಬಂದೆ. ಸೇನೆಯ ಹುದ್ದೆಗಳನ್ನು ಲೆಫ್ಟಿನೆಂಟ್‌ನಿಂದ ಜನರಲ್‌ವರೆಗೆ ಉಸಿರು ಬಿಡದೆ ಒಪ್ಪಿಸಿದ. ‘ಭೇಷ್’ ಅಂದೆ. ‘ಮೇಜರ್ ಅಂದ್ರ ಏನ್ ಕೆಲಸ ಮಾಡ್ತಾರಪ್ಪ?’

‘ಗೊತ್ತಿಲ್ರಿ ಕಾಕಾ. ಕ್ಯಾಪ್ಟನ್ ಮ್ಯಾಲ, ಲೆಫ್ಟಿನೆಂಟ್ ಕರ್ನಲ್ ಕೆಳಗ ಬರ್ತಾರ್ರಿ.’

ಗೇಟಿನ ಬಳಿ ಒಬ್ಬ ತಾಯಿ ಸಜ್ಜೆರೊಟ್ಟಿ, ಶೇಂಗಾಹಿಂಡಿಯ ಗಂಟು ಹಿಡಿದು ಕುಳಿತಿದ್ದರು. ಭಾನುವಾರ ಮಧ್ಯಾಹ್ನ ಮಾತ್ರ ಭೇಟಿ. ‘ಇಷ್ಟು ಸಣ್ಣವನ್ನ ಬಿಟ್ಟು ಹ್ಯಾಂಗ ಇರ್ತೀರಿ ಅವ್ವಾ?’ ಎಂದು ಕೇಳಿದೆ. ‘ಏನ್ ಮಾಡೂದ್ರಿ ಅಣ್ಣಾರ, ಮನ್ಯಾಗಿದ್ರ ಮೊಬೈಲ್ ಕೈ ಬಿಡೂದಿಲ್ಲ. ತೊಗರಿ ಮಾರಿದ ರೊಕ್ಕ ಕಟ್ಟೇವಿ. ಇಲ್ಲಿದ್ರ ಶಿಸ್ತರ ಬರ್ತೈತಿ’ ಎಂದರು. ಆ ತಾಯಿಯ ಕಳಕಳಿಯನ್ನು ಹಗುರ ಮಾಡುವ ಹಕ್ಕು ನನಗಿಲ್ಲ. ಆದರೆ ಆ ‘ಶಿಸ್ತು’ ಎಂಬ ಮಾತಿನ ಹೆಸರಲ್ಲಿ ಅವರಿಗೆ ಏನನ್ನು ಮಾರಲಾಗಿದೆ ಎಂಬುದನ್ನು ಹೇಳಲೇಬೇಕು.

ಸೇನೆ ತನ್ನ ಅಧಿಕಾರಿಯಲ್ಲಿ ಏನು ಹುಡುಕುತ್ತದೆ ಎಂಬುದು ಗುಟ್ಟಿನ ವಿಷಯವಲ್ಲ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಲಿಖಿತ ಪರೀಕ್ಷೆ ಪಾಸಾದವರು ಸೇವಾ ಆಯ್ಕೆ ಮಂಡಳಿಯ, ಅಂದರೆ ಎಸ್‌ಎಸ್‌ಬಿಯ ಮುಂದೆ ಐದು ದಿನ ಕಳೆಯಬೇಕು. ನಮ್ಮ ಬೆಂಗಳೂರಿನಲ್ಲೇ ಅಂಥ ಕೇಂದ್ರವಿದೆ. ಅಲ್ಲಿ ಅಳೆಯುವುದು ಹದಿನೈದು ಗುಣಗಳನ್ನು. ಸ್ವಂತ ಮುನ್ನುಗ್ಗುವಿಕೆ, ಹೊಣೆಗಾರಿಕೆ, ಸಹಕಾರ, ತಟ್ಟನೆ ನಿರ್ಧರಿಸುವ ಚುರುಕು, ಹೊಸಬರ ನಡುವೆ ಬೆರೆಯುವ ಶಕ್ತಿ, ಹೇಳಬೇಕಾದದ್ದನ್ನು ಸ್ಪಷ್ಟವಾಗಿ ಹೇಳುವ ಕಲೆ, ಲವಲವಿಕೆ, ಧೈರ್ಯ ಅದರಲ್ಲಿ ಸೇರಿವೆ. ಮೈದಾನದಲ್ಲಿ ಒಂದು ಗುಂಪಿಗೆ ಹಲಗೆ, ಮರದ ತೊಲೆ, ಹಗ್ಗ ಕೊಟ್ಟು ಭಾರ ಹೊತ್ತು ಅಡೆತಡೆ ದಾಟಿ ಎನ್ನುತ್ತಾರೆ. ನಾಯಕ ಇವನೇ ಎಂದು ಯಾರೂ ಹೇಳುವುದಿಲ್ಲ. ಯಾರು ಉಪಾಯ ಹುಡುಕಿದರು, ಯಾರು ಹಿಂದುಳಿದವನಿಗೆ ಕೈ ಕೊಟ್ಟರು, ಯಾರು ಬೇರೆಯವರ ಮಾತು ಕೇಳಿಸಿಕೊಂಡರು ಎಂದು ಅಧಿಕಾರಿ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಾರೆ.

ಈಗ ಹೇಳಿ, ಕೂಗಿದ ಅಕ್ಷರಕ್ಕೆ ಗೋಲ ತುಂಬುವ ಮಗುವಿನಲ್ಲಿ ಇದರಲ್ಲಿ ಯಾವ ಗುಣ ಬೆಳೆಯುತ್ತದೆ? ಸೀಟಿ ಊದಿದಾಗ ಏಳುವುದು, ಸೀಟಿ ಊದಿದಾಗ ಮಲಗುವುದು ಹೆದರಿಕೆಯ ಅಭ್ಯಾಸ. ಸೀಟಿ ನಿಂತ ದಿನ ಅದೂ ನಿಲ್ಲುತ್ತದೆ. ಮನೆಗೆ ಬಂದ ವಾರದೊಳಗೆ ಮೊಬೈಲು ಮತ್ತೆ ಕೈಗೆ ಬರುವುದನ್ನು ಆ ತಂದೆ-ತಾಯಿಗಳೇ ಹೇಳಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಅಜ್ಜಿಯ ಊರಿಗೆ ಹೋಗಿ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಕ್ರಿಕೆಟ್ ಟೀಮು ಮಾಡುವವನು, ಚಂಡು ಬಾವಿಗೆ ಬಿದ್ದರೆ ಯಾರು ಇಳಿಯಬೇಕು, ಯಾರು ಹಗ್ಗ ಹಿಡಿಯಬೇಕು, ಮನೆಯಲ್ಲಿ ಯಾರು ಬೈಸಿಕೊಳ್ಳಬೇಕು ಎಂದು ತೀರ್ಮಾನ ಮಾಡುವವನು ಎಸ್‌ಎಸ್‌ಬಿಗೆ ಬೇಕಾದ ಪಾಠವನ್ನು ಪುಕ್ಕಟೆಯಾಗಿ ಕಲಿಯುತ್ತಿರುತ್ತಾನೆ. (ಬಾವಿಗೆ ಇಳಿಯಿರಿ ಎಂದು ನಾನು ಹೇಳುತ್ತಿಲ್ಲ, ತಾಯಂದಿರು ಸಿಟ್ಟಾಗಬಾರದು.)

ಇನ್ನು ಈ ದಂಧೆಯ ಅತಿ ಕೆಟ್ಟ ಭಾಗಕ್ಕೆ ಬರುತ್ತೇನೆ. ಅದು ‘ರಿಪೀಟ್’. ಆರನೇ ತರಗತಿಗೆ ಸೇರುವ ವರ್ಷದ ಮಾರ್ಚ್ 31ಕ್ಕೆ ಮಗುವಿಗೆ ಹತ್ತರಿಂದ ಹನ್ನೆರಡು ವರ್ಷ ಆಗಿರಬೇಕು ಎಂಬುದು ಸೈನಿಕ ಶಾಲೆಯ ನಿಯಮ. ಈ ಎರಡು ವರ್ಷದ ಅಂತರದಲ್ಲಿ ಕೋಚಿಂಗಿನವರು ಗದ್ದೆ ಹೂಡಿದ್ದಾರೆ. ಮೊದಲ ಸಲ ಸೀಟು ಸಿಗದಿದ್ದರೆ ಇನ್ನೊಂದು ವರ್ಷ ಐದರಲ್ಲೇ ಕೂರಿಸಿ, ವಯಸ್ಸು ಇದೆಯಲ್ಲ ಎನ್ನುತ್ತಾರೆ. ನವೋದಯದವರು ಈ ಆಟವನ್ನು ಮೊದಲೇ ಕಂಡು ಬಾಗಿಲು ಹಾಕಿದ್ದಾರೆ. ಅಲ್ಲಿ ಒಂದು ಮಗು ಪ್ರವೇಶ ಪರೀಕ್ಷೆಯನ್ನು ಎರಡನೇ ಸಲ ಬರೆಯುವಂತೆಯೇ ಇಲ್ಲ. ಸೈನಿಕ ಶಾಲೆಯಲ್ಲಿ ವಯಸ್ಸು ಒಂದೇ ಬೇಲಿ, ಆ ಬೇಲಿಯ ಅಂಚಿನವರೆಗೂ ಮಗುವನ್ನು ಎಳೆದೊಯ್ಯುತ್ತಾರೆ.

ಇದರಿಂದ ಏನಾಗುತ್ತದೆ ಎಂದು ಯಾರೂ ಲೆಕ್ಕ ಹಾಕಿದಂತಿಲ್ಲ. ಹಾಕೋಣ. ಸೈನಿಕ ಶಾಲೆ ಹುಟ್ಟಿದ್ದೇ ಮಕ್ಕಳನ್ನು ಎನ್‌ಡಿಎಗೆ ಅಣಿಗೊಳಿಸಲು. ಎನ್‌ಡಿಎ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ತರಬೇತಿ ಆರಂಭವಾಗುವ ಹೊತ್ತಿಗೆ ವಯಸ್ಸು ಹತ್ತೊಂಬತ್ತೂವರೆ ದಾಟಿರಬಾರದು. ಹತ್ತೂವರೆ ವಯಸ್ಸಿಗೆ ಆರನೇ ತರಗತಿ ಸೇರಿದ ಮಗು ಹನ್ನೆರಡನೇ ತರಗತಿ ಮುಗಿಸುವಾಗ ಹದಿನೇಳೂವರೆ. ಹನ್ನೆರಡನೆಯದರಲ್ಲಿ ಇರುವಾಗಲೇ ಒಮ್ಮೆ ಬರೆದು, ಆಮೇಲೆ ಇನ್ನೂ ಮೂರು ಸಲ ಪ್ರಯತ್ನಿಸಲು ಅದಕ್ಕೆ ವಯಸ್ಸು ಇರುತ್ತದೆ. ಅದೇ ‘ರಿಪೀಟ್’ ಮಾಡಿ ಹನ್ನೆರಡು ತುಂಬುವ ಅಂಚಿನಲ್ಲಿ ಸೇರಿದ ಮಗು ಹನ್ನೆರಡನೇ ತರಗತಿ ಮುಗಿಸುವಾಗ ಹತ್ತೊಂಬತ್ತರ ಹೊಸ್ತಿಲಲ್ಲಿರುತ್ತದೆ. ಜುಲೈನಲ್ಲಿ ಆರಂಭವಾಗುವ ತರಬೇತಿಗೆ ಅದು ಹೇಗೋ ಒಳಗೆ ಬರುತ್ತದೆ. ಮುಂದಿನ ಜನವರಿಯ ತಂಡದ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಅಂದರೆ ಒಂದೇ ಒಂದು ಅವಕಾಶ. ಸೈನಿಕ ಶಾಲೆಯ ಸೀಟಿಗಾಗಿ ಎನ್‌ಡಿಎಯ ಮೂರು ಅವಕಾಶಗಳನ್ನು ಹತ್ತನೇ ವಯಸ್ಸಿನಲ್ಲೇ ಮಾರಿಕೊಂಡಂತಾಯಿತು. ಈ ಲೆಕ್ಕಕ್ಕೆ ಬೇಕಾದದ್ದು ಕೂಡುವುದು, ಕಳೆಯುವುದು ಮಾತ್ರ. ಗಣಿತ ಕಲಿಸುತ್ತೇವೆ ಎಂದು ಫೀ ಪಡೆಯುವವರು ಪಾಲಕರಿಗೆ ಇದನ್ನೊಂದು ಕಲಿಸಿಲ್ಲ.

‘ಬಡವರ ಮಕ್ಕಳಿಗೆ ಇದೊಂದೇ ಏಣಿ, ಅದನ್ನೂ ಕಿತ್ತುಕೊಳ್ಳುತ್ತೀರಾ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಗಂಭೀರವಾದದ್ದು. 1961ರಲ್ಲಿ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಸೈನಿಕ ಶಾಲೆಗಳನ್ನು ಶುರು ಮಾಡಿದಾಗ ಉದ್ದೇಶ ಅದೇ ಆಗಿತ್ತು. ಸೇನೆಯ ಅಧಿಕಾರಿ ವರ್ಗದಲ್ಲಿ ಕೆಲವೇ ಪ್ರಾಂತ್ಯ, ಕೆಲವೇ ಮನೆತನದವರು ತುಂಬಿಕೊಂಡಿದ್ದರು. ದುಬಾರಿ ಪಬ್ಲಿಕ್ ಸ್ಕೂಲಿಗೆ ಹೋಗಲಾಗದ ಮಕ್ಕಳಿಗೂ ಅಂಥದೇ ಶಿಕ್ಷಣ ಸಿಗಲಿ, ಪ್ರಾದೇಶಿಕ ಅಸಮತೋಲನ ಹೋಗಲಿ ಎಂದು ರಾಜ್ಯಕ್ಕೊಂದರಂತೆ ಶಾಲೆ ಬಂದವು. ಬರದ ನಾಡಾದ ವಿಜಯಪುರಕ್ಕೆ ಅಂಥ ಶಾಲೆ ಬಂದದ್ದೂ ಆ ಉದ್ದೇಶಕ್ಕೆ ಹೊಂದುವ ಮಾತೇ.

ಆ ಏಣಿಯ ಕೆಳಗಿನ ಮೆಟ್ಟಿಲನ್ನು ಕಿತ್ತವರು ಯಾರು? ಪರೀಕ್ಷೆಗೆ ಮುಂಚೆಯೇ ಹಾಸ್ಟೆಲ್ ಫೀ, ಡ್ರೆಸ್ ಫೀ, ಟೆಸ್ಟ್ ಸಿರೀಸ್ ಫೀ ಕಟ್ಟಲಾಗದ ಮನೆಯ ಮಗು ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತದೆ. ಶಿಬಿರಕ್ಕೆ ಹೋದ ಮಗುವಿಗೆ ಪೂರಕ ಕೋನ ಗೊತ್ತಿರುತ್ತದೆ, ಹೋಗದ ಕೂಲಿಕಾರನ ಮಗಳಿಗೆ ಗೊತ್ತಿರುವುದಿಲ್ಲ. ಇಬ್ಬರ ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಸೀಟು ಸಿಕ್ಕ ಮೇಲೂ ಸೈನಿಕ ಶಾಲೆಯ ವಾರ್ಷಿಕ ಖರ್ಚು ಲಕ್ಷ ರೂಪಾಯಿ ದಾಟುತ್ತದೆ. ಆದಾಯದ ಮೇಲೆ ವಿದ್ಯಾರ್ಥಿವೇತನ ಉಂಟು ನಿಜ, ಆದರೆ ಶಿಬಿರದ ಬಾಗಿಲಲ್ಲಿ ವಿದ್ಯಾರ್ಥಿವೇತನ ಇಲ್ಲ. ತೊಗರಿ ಮಾರಿ ಫೀ ಕಟ್ಟುವವರಾದರೂ ಹೊಲ ಇದ್ದವರು. ಹೊಲ ಇಲ್ಲದವರ ಸುದ್ದಿಯನ್ನು ಈ ‘ಬಡವರ ಏಣಿ’ಯ ವಕೀಲರು ಎತ್ತುವುದೇ ಇಲ್ಲ.

ಆಮೇಲೆ ಫ್ಲೆಕ್ಸಿನ ಮುಖಗಳ ವಿಚಾರ. ಒಂದೇ ಮಗುವಿನ ಫೋಟೋ ಬೇರೆ ಬೇರೆ ಸಂಸ್ಥೆಗಳ ಫ್ಲೆಕ್ಸಿನಲ್ಲಿ ನಗುತ್ತಿರುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಒಂದು ಕಡೆ ಬೇಸಿಗೆ ಶಿಬಿರ, ಇನ್ನೊಂದು ಕಡೆ ಟೆಸ್ಟ್ ಸಿರೀಸ್. ಅದಕ್ಕಿಂತ ಜಾಣತನ ‘ಆಯ್ಕೆ’ ಎಂಬ ಮಾತಿನದು. ಪ್ರತಿ ವಿಷಯದಲ್ಲಿ ಶೇ 25, ಒಟ್ಟಾರೆ ಶೇ 40 ಬಂದರೆ ಸಾಮಾನ್ಯ ವರ್ಗದ ಮಗು ‘ಅರ್ಹ’. ಅರ್ಹರಾಗುವುದಕ್ಕೂ ಸೀಟು ಸಿಗುವುದಕ್ಕೂ ನಡುವೆ ದೊಡ್ಡ ಕಂದರವಿದೆ, ಅದರಲ್ಲಿ ಸಾವಿರಾರು ಮಕ್ಕಳು ಉಳಿದುಬಿಡುತ್ತಾರೆ. ಫ್ಲೆಕ್ಸಿನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ. ಬ್ಯಾಚಿಗೆ ಸೇರಿದವರು ಎಷ್ಟು, ಶಾಲೆ ಸೇರಿದವರು ಎಷ್ಟು ಎಂಬ ಲೆಕ್ಕವನ್ನು ಕೇಳಿ ನೋಡಿ. ಚಹಾ ತರಿಸುತ್ತಾರೆ, ಲೆಕ್ಕ ತರಿಸುವುದಿಲ್ಲ.

ವೈದ್ಯಕೀಯ ತಪಾಸಣೆಯಲ್ಲಿ ಬೀಳುವ ಮಕ್ಕಳ ಕತೆ ಇನ್ನೂ ನೋವಿನದು. ಬಣ್ಣ ಗುರುತಿಸಲಾಗದ ಕಣ್ಣು, ಒಂದಕ್ಕೊಂದು ತಾಗುವ ಮೊಣಕಾಲು, ಚಪ್ಪಟೆ ಪಾದ, ಮೆಳ್ಳೆಗಣ್ಣು, ಕಿವಿಯ ದೋಷ ಇವುಗಳಲ್ಲಿ ಬಹಳಷ್ಟನ್ನು ತಾಲೂಕು ಆಸ್ಪತ್ರೆಯ ವೈದ್ಯರು ಒಂದು ಬೆಳಿಗ್ಗೆಯಲ್ಲಿ ನೋಡಿ ಹೇಳಬಲ್ಲರು. ಶಿಬಿರಕ್ಕೆ ಸೇರಿಸಿಕೊಳ್ಳುವಾಗ ಆಧಾರ್ ಕೇಳುತ್ತಾರೆ, ಫೋಟೋ ಕೇಳುತ್ತಾರೆ, ಮುಂಗಡ ಕೇಳುತ್ತಾರೆ. ‘ಮೊದಲು ಮಗುವಿನ ಕಣ್ಣು ತೋರಿಸಿಕೊಂಡು ಬನ್ನಿ’ ಎಂದು ಹೇಳಿದವರನ್ನು ನಾನು ಕಂಡಿಲ್ಲ. ವರ್ಷವಿಡೀ ಓದಿ, ಪಟ್ಟಿಯಲ್ಲಿ ಹೆಸರು ಬಂದು, ಊರಲ್ಲಿ ಪೇಡೆ ಹಂಚಿ, ಆಮೇಲೆ ಹಸಿರು-ಕೆಂಪು ಚುಕ್ಕಿಗಳ ಪುಸ್ತಕದ ಮುಂದೆ ಸೋತು ಬರುವ ಹನ್ನೊಂದು ವರ್ಷದ ಮಗುವಿಗೆ ತಾನು ಏನು ತಪ್ಪು ಮಾಡಿದೆ ಎಂಬುದೇ ತಿಳಿಯುವುದಿಲ್ಲ.

ಕೋಚಿಂಗಿನವರ ಕೈಯಲ್ಲಿ ಒಂದು ತುರುಪು ಇದೆ, ಅದನ್ನು ಮುಚ್ಚಿಡುವುದಿಲ್ಲ. 2024ರಲ್ಲಿ ಭೂಸೇನೆಯ ಮುಖ್ಯಸ್ಥರಾದ ಜನರಲ್ ಉಪೇಂದ್ರ ದ್ವಿವೇದಿ, ಅದೇ ವರ್ಷ ನೌಕಾಪಡೆಯ ಮುಖ್ಯಸ್ಥರಾದ ಅಡ್ಮಿರಲ್ ದಿನೇಶ್ ತ್ರಿಪಾಠಿ ಇಬ್ಬರೂ ಮಧ್ಯಪ್ರದೇಶದ ರೀವಾ ಸೈನಿಕ ಶಾಲೆಯಲ್ಲಿ ಒಂದೇ ತರಗತಿಯಲ್ಲಿ ಓದಿದವರು. ದೊಡ್ಡ ಮಾತೇ ಸರಿ. ಆದರೆ ಅದು ರೀವಾದ ಶಾಲೆಯ ಹಿರಿಮೆ, ಅಲ್ಲಿನ ಶಿಕ್ಷಕರ ಹಿರಿಮೆ. ಕಲ್ಯಾಣ ಮಂಟಪದ ಓಎಂಆರ್ ಹಾಳೆಗೆ ಅದರಲ್ಲಿ ಪಾಲು ಕೇಳುವುದು ನಾಚಿಕೆಗೇಡು.

ನಮ್ಮ ನಾಡಿನ ಎರಡು ಹೆಸರುಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಹುಡುಗನಾಗಿದ್ದಾಗಲೇ ಡೆಹ್ರಾಡೂನಿನ ಮಿಲಿಟರಿ ಕಾಲೇಜಿಗೆ, ಇಂದಿನ ಆರ್‌ಐಎಂಸಿಗೆ ಹೋದವರು. ಅದೇ ಕೊಡಗಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಮಡಿಕೇರಿಯಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, ಅಲ್ಲಿಂದ ಇಂದೋರಿನ ಕೆಡೆಟ್ ಕಾಲೇಜಿಗೆ ಆಯ್ಕೆಯಾದವರು. 1949ರ ಜನವರಿ 15ರಂದು ಭಾರತೀಯ ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ ಹತ್ತನೇ ವಯಸ್ಸಿನಲ್ಲಿ ಯಾವ ಕೆಡೆಟ್ ಶಾಲೆಯ ಬಾಗಿಲನ್ನೂ ತಟ್ಟಿರಲಿಲ್ಲ. ಎರಡು ದಾರಿಯೂ ಅಲ್ಲಿಗೇ ಹೋಗಿವೆ.

‘ಈಗ ತಪ್ಪಿದರೆ ಜೀವನಪೂರ್ತಿ ತಪ್ಪಿದಂತೆ’ ಎಂಬ ಹೆದರಿಕೆಗೆ ಇದೇ ಉತ್ತರ. ಎನ್‌ಡಿಎಯಲ್ಲಿ ಸೈನಿಕ ಶಾಲೆಯವರಿಗೆ ಮೀಸಲು ಸೀಟು ಇಲ್ಲ. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600, ಎಸ್‌ಎಸ್‌ಬಿಗೆ 900 ಅಂಕ. ಇದರಲ್ಲಿ ಆರನೇ ತರಗತಿಯನ್ನು ಎಲ್ಲಿ ಓದಿದೆ ಎಂಬುದಕ್ಕೆ ಒಂದು ಅಂಕವೂ ಇಲ್ಲ. ಹುಡುಗಿಯರಿಗೂ 2022ರಿಂದ ಅಲ್ಲಿ ಬಾಗಿಲು ತೆರೆದಿದೆ. ಅವರ ಮೊದಲ ತಂಡದ 17 ಮಂದಿ 2025ರ ಮೇನಲ್ಲಿ ತೇರ್ಗಡೆಯಾಗಿ ಹೊರಬಂದರು. ಪದವಿ ಮುಗಿಸಿದವರಿಗೆ ಸಿಡಿಎಸ್ ಪರೀಕ್ಷೆ ಇದೆ, ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟ್ ಇದ್ದವರಿಗೆ ಲಿಖಿತ ಪರೀಕ್ಷೆಯೇ ಇಲ್ಲದ ವಿಶೇಷ ಪ್ರವೇಶವಿದೆ. ಬಾಗಿಲು ಮುಚ್ಚುತ್ತಿದೆ, ಓಡಿ ಬನ್ನಿ ಎಂದು ಕೂಗುವವನು ಆ ಬಾಗಿಲ ಮುಂದೆ ಟಿಕೆಟ್ ಮಾರುವವನು ಎಂಬುದು ನೆನಪಿರಲಿ.

ನಿಜ ಹೇಳಬೇಕೆಂದರೆ ಬಹಳಷ್ಟು ಪಾಲಕರಿಗೆ ಮಗ ಸೇನೆಗೆ ಹೋಗುವುದೂ ಬೇಕಿಲ್ಲ. ಒಬ್ಬರು ನನ್ನ ಎದುರಿಗೇ ಹೇಳಿದರು: ‘ಹತ್ತನೇತ್ತೆ ತನಕ ಅಲ್ಲಿರ್ಲಿ ಸರ, ಗಟ್ಟಿ ಆಗ್ತಾನ. ಆಮ್ಯಾಲ ನೀಟ್ ಮಾಡಸ್ತೇವಿ.’ ದೇಶಕ್ಕೆ ಅಧಿಕಾರಿಯನ್ನು ತಯಾರು ಮಾಡಲು ಸರ್ಕಾರ ಇಟ್ಟ ಸೀಟು ಇವರಿಗೆ ಒಳ್ಳೆಯ ವಸತಿ ಶಾಲೆ ಅಷ್ಟೇ. ಹಾಗೆ ಒಂದು ಸೀಟು ಹೋದಾಗ ನಿಜವಾಗಿ ಆ ಬದುಕು ಬೇಕೆಂದಿದ್ದ ಯಾವುದೋ ಹಳ್ಳಿಯ ಮಗು ಹೊರಗುಳಿಯುತ್ತದೆ. ಹತ್ತು ವರ್ಷದ ಮಗುವಿಗೆ ಏನು ಬೇಕು ಎಂದು ಹೇಗೆ ತಿಳಿಯುವುದು ಎನ್ನುತ್ತೀರಾ? ತಿಳಿಯುವುದಿಲ್ಲ. ಅದಕ್ಕೇ ಅದರ ತಲೆಯ ಮೇಲೆ ಈ ಭಾರ ಬೇಡ ಎನ್ನುತ್ತಿರುವುದು.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದೇನಿಲ್ಲ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಹದಿನಾರು ವರ್ಷದೊಳಗಿನವರನ್ನು ಸೇರಿಸಿಕೊಳ್ಳಕೂಡದು, ದಾರಿ ತಪ್ಪಿಸುವ ಭರವಸೆ ಕೊಡಕೂಡದು ಎಂದು ಅದರಲ್ಲಿ ಬರೆದಿದೆ. ರಾಜಸ್ಥಾನದ ಕೋಟಾದಲ್ಲಿ ಕೋಚಿಂಗ್ ವಿದ್ಯಾರ್ಥಿಗಳ ಆತ್ಮಹತ್ಯೆಗಳು ಎಲ್ಲರ ಕಣ್ಣಮುಂದಿದ್ದ ಕಾಲ ಅದು. ಹದಿನಾರು ತುಂಬುವ ಮೊದಲು ಬೇಡ ಎಂದದ್ದು ನಮ್ಮಲ್ಲಿ ಒಂಬತ್ತಕ್ಕೆ, ಹತ್ತಕ್ಕೆ, ಅದೂ ಹಾಸ್ಟೆಲ್ ಸಮೇತ ನಡೆಯುತ್ತಿದೆ. ಫ್ಲೆಕ್ಸ್ ಕಟ್ಟಿರುವುದು ಬಿಇಒ ಕಚೇರಿಯ ಎದುರಿನ ಕಂಬಕ್ಕೇ.

ಆಗಬೇಕಾದದ್ದು ಕಷ್ಟದ್ದೇನಲ್ಲ. ಐದನೇ ಇಯತ್ತೆಯ ಪಠ್ಯ ದಾಟಿದ ಪ್ರಶ್ನೆಯನ್ನು ಆರನೇ ತರಗತಿಯ ಪ್ರವೇಶಕ್ಕೆ ಕೇಳದಂತೆ ಪಠ್ಯಸೂಚಿ ತಿದ್ದಬೇಕು. ನವೋದಯದಂತೆ ಸೈನಿಕ ಶಾಲೆಗೂ ಒಂದೇ ಅವಕಾಶ ಎಂದು ನಿಯಮವಾಗಬೇಕು, ಆಗ ‘ರಿಪೀಟ್’ ಬ್ಯಾಚುಗಳು ತಾನಾಗಿಯೇ ಮುಚ್ಚುತ್ತವೆ. ಹಿಂದಿನ ವರ್ಷಗಳ ಕನ್ನಡ ಪ್ರಶ್ನೆಪತ್ರಿಕೆಗಳನ್ನು ಶಿಕ್ಷಣ ಇಲಾಖೆ ಪ್ರತಿ ಸರ್ಕಾರಿ ಶಾಲೆಗೆ ಕಳಿಸಿ, ಬರೆಯಲು ಮನಸ್ಸಿರುವ ಮಕ್ಕಳಿಗೆ ಶನಿವಾರ ಮಧ್ಯಾಹ್ನ ಅಲ್ಲೇ ಪುಕ್ಕಟೆ ಪಾಠ ಏರ್ಪಡಿಸಬೇಕು. ಆ ಮಕ್ಕಳ ಕಣ್ಣು, ಕಾಲು, ಕಿವಿಯ ತಪಾಸಣೆ ಅರ್ಜಿ ಹಾಕುವ ಮೊದಲೇ ಆಗಬೇಕು. ಶಾಲೆಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುವ ವೈದ್ಯರ ತಂಡಗಳು ಹೇಗೂ ಇವೆ.

ಅದೆಲ್ಲ ಆಗುವ ತನಕ ಪಾಲಕರಲ್ಲಿ ಒಂದು ಕೋರಿಕೆ. ಮಗುವಿಗೆ ಸೈನಿಕ ಶಾಲೆ ಬೇಕು ಅನಿಸಿದರೆ ಅರ್ಜಿ ಹಾಕಿ, ಕನ್ನಡದಲ್ಲೇ ಬರೆಸಿ, ಊರಿನ ಗಣಿತದ ಮೇಷ್ಟ್ರ ಹತ್ತಿರ ಸಂಜೆ ಒಂದು ತಾಸು ಕೂರಿಸಿ. ಸೀಟು ಬಂದರೆ ಸಂತೋಷವಾಗಿ ಕಳಿಸಿ. ಬರದಿದ್ದರೆ ಮರುದಿನ ಎಂದಿನಂತೆ ಶಾಲೆಗೆ ಕಳಿಸಿ, ಐದರಲ್ಲೇ ಮತ್ತೆ ಕೂರಿಸಬೇಡಿ. ಹನ್ನೆರಡನೇ ತರಗತಿಗೆ ಬಂದಾಗ ಅದಕ್ಕೆ ನಿಜವಾಗಿ ಆಸೆ ಇದ್ದರೆ ಎನ್‌ಡಿಎ ಅರ್ಜಿಯನ್ನು ತಾನೇ ತುಂಬುತ್ತದೆ. ಅದು ವರ್ಷಕ್ಕೆ ಎರಡು ಸಲ ಬರುತ್ತದೆ.